ಬಿಟ್ಟ ಮೂಲೆ

ಬಾಡಿಗೆ ಮನೆಯಿಂದ ಏನು ಲಾಭ, ಏನು ನಷ್ಟ ಎಂದು ತಿಳಿಯಬೇಕಾದರೆ ದಾವಣಗೆರೆ ಪಿ.ಜೆ. ಬಡಾವಣೆಯ ಬಕ್ಕೇಶನನ್ನು ಕೇಳಬೇಕು. ಮೊಬೈಲಿನಲ್ಲಿ ಅವನ ವಿಡಿಯೋ ಇದೆ. ಹಣೆಗೆ ವಿಭೂತಿ, ಮೈಗೆ ಇಸ್ತ್ರಿ ಅಂಗಿ, ಬೆನ್ನ ಹಿಂದೆ ಅವನದೇ ಅಪಾರ್ಟ್‌ಮೆಂಟು. ಸ್ವಂತ ಮನೆ ಎಂದರೆ ಕೊರಳಿಗೆ ಕಟ್ಟಿಕೊಂಡ ಗುಂಡುಕಲ್ಲು ಎನ್ನುತ್ತಾನೆ. ಬಾಡಿಗೆ ಮನೆಯಾದರೆ ಬೇಕೆಂದಾಗ ಬರಬಹುದು, ಬೇಡವೆಂದಾಗ ಹೋಗಬಹುದು. ಸುಣ್ಣಬಣ್ಣದ ಚಿಂತೆಯಿಲ್ಲ, ಕಂದಾಯದ ಚಿಂತೆಯಿಲ್ಲ. ಲಿಫ್ಟು, ನೀರು, ಜನರೇಟರು ಎಲ್ಲ ಓನರಿನ ತಲೆನೋವು. ನಷ್ಟ ಅಂತ ಇದ್ದರೆ ಗೋಡೆಗೆ ಮೊಳೆ ಹೊಡೆಯಲು ಬಿಡುವುದಿಲ್ಲ, ಅಷ್ಟೇ ನೋಡಿ ಎಂದು ನಗುತ್ತಾನೆ. ಕೊನೆಗೆ ಕೈಮುಗಿದು, ನಮ್ಮಲ್ಲಿ ಮನೆ ಖಾಲಿ ಇದೆ, ಯಾರು ಬೇಕಾದರೂ ಫೋನ್ ಮಾಡಿ ಎನ್ನುತ್ತಾನೆ. ಯಾರು ಬೇಕಾದರೂ! ಹಾಗೆನ್ನುವಾಗ ಪುಣ್ಯಾತ್ಮನ ನಾಲಿಗೆ ಒಂದಿಷ್ಟೂ ತೊದಲುವುದಿಲ್ಲ.

ಖತೀಜಾಬೀ ಆ ವಿಡಿಯೋ ನೋಡಿದವಳಲ್ಲ. ಅವಳು ನೋಡಿದ್ದು ಆ ಮನೆಯ ಗಾದಿಗಳನ್ನು. ಬಕ್ಕೇಶನ ಅಪ್ಪ ಉಜ್ಜನಪ್ಪ ಮಲಗುವ ಗಾದಿ, ಅವ್ವ ಕಸ್ತೂರಮ್ಮ ಮಲಗುವ ಗಾದಿ, ಬಕ್ಕೇಶನ ಮದುವೆಯ ಗಾದಿ, ಅವನ ಮಗಳು ಕೃತಿಕಾಳ ತೊಟ್ಟಿಲ ಹಾಸು, ಎಲ್ಲವೂ ಅವಳ ಕೈಯ ಹೊಲಿಗೆ.

ಅವಳು ಹರಿಹರದ ಪಿಂಜಾರರ ಹೆಣ್ಣು. ಹತ್ತಿ ಹಿಂಜುವುದು, ಗಾದಿ ತುಂಬುವುದು, ಹೊಲಿಯುವುದು, ಇದೇ ಕಸುಬು. ಗಂಡ ಮಸ್ತಾನಸಾಬ್ ಹಿಂಜುತ್ತಿದ್ದ, ಇವಳು ಹೊಲಿಯುತ್ತಿದ್ದಳು. ಮಸ್ತಾನಸಾಬನ ಅಪ್ಪ ಉಜ್ಜನಪ್ಪನವರ ಹಿತ್ತಿಲಲ್ಲಿ ಬಿಲ್ಲು ಕಟ್ಟಿ ಹಿಂಜುತ್ತಿದ್ದ ಕಾಲದಿಂದ ಆ ಮನೆಯ ಕೆಲಸ ಇವರದೇ. ಆ ಹಿತ್ತಿಲಿನ ಜಾಗದಲ್ಲೇ ಈಗ ಅಪಾರ್ಟ್‌ಮೆಂಟು ನಿಂತಿದೆ, ಉಜ್ಜನಪ್ಪನವರ ಸಂಸಾರ ಅದರ ಕೆಳಗಿನ ಮನೆಯಲ್ಲೇ ಇದೆ. ಹಿಂಜಿ ಹಿಂಜಿ ಮಸ್ತಾನಸಾಬನ ಎದೆಗೆ ಹತ್ತಿ ಇಳಿದಿದೆ. ಜಗತ್ತಿಗೆಲ್ಲ ಮೆತ್ತನೆ ಹಾಸಿಕೊಟ್ಟವನು ಈಗ ಮಲಗಿದರೆ ಉಸಿರು ಸಿಗದೆ ಎದ್ದು ಕೂರುತ್ತಾನೆ. ಕೂತೇ ನಿದ್ದೆ ಮಾಡುತ್ತಾನೆ. ಪಕ್ಕದಲ್ಲಿ ಆವಿ ಬಿಡುವ ಮೆಷಿನ್ನು ಗುಂಯ್‌ಗುಡುತ್ತಿರುತ್ತದೆ.

ಹರಿಹರದಲ್ಲಿ ಅವರಿದ್ದದ್ದು ಜಾಫರನ ಮನೆಯ ಮಾಳಿಗೆಯ ಮೇಲೆ. ಕಡಿದಾದ ಮೆಟ್ಟಿಲು, ಹಿಡಿದುಕೊಳ್ಳಲು ಕಂಬಿಯೂ ಇಲ್ಲ. ಹೋದ ಸಲ ಮಸ್ತಾನಸಾಬನ ತುಟಿ ನೀಲಿಯಾದಾಗ ಖತೀಜಾಬೀ ಮತ್ತು ಮಗಳು ರುಮಾನಾ ಅವನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂಡಿಸಿ, ಹಿಂದೊಬ್ಬಳು ಮುಂದೊಬ್ಬಳು ಹೊತ್ತು ಇಳಿಸಿದ್ದರು. ಅರ್ಧ ದಾರಿಯಲ್ಲಿ ಖತೀಜಾಬೀಯ ಮೊಣಕಾಲು ಮಡಚಿಕೊಂಡಿತು. ಕುರ್ಚಿ ವಾಲಿತು. ಬೀಳಲಿಲ್ಲ, ಅದು ಅಲ್ಲಾನ ದಯೆ. ಇನ್ನೊಮ್ಮೆ ಅವನು ದಯೆ ತೋರಿಸುತ್ತಾನೆ ಎಂದು ಯಾರು ಹೇಳಬೇಕು? ಡಾಕ್ಟರು ಖಡಾಖಂಡಿತ ಹೇಳಿದರು. ಈ ಮನುಷ್ಯ ಮೆಟ್ಟಿಲು ಹತ್ತಬಾರದು, ಆಸ್ಪತ್ರೆಯ ಹತ್ತಿರವೇ ಇರಬೇಕು, ಮುಂದಿನ ಸಲ ಹರಿಹರದಿಂದ ಬರುವಷ್ಟು ಹೊತ್ತು ಸಿಗುವುದಿಲ್ಲ ಎಂದರು.

ರುಮಾನಾ ದಾವಣಗೆರೆಯ ಒಂದು ಆಸ್ಪತ್ರೆಯಲ್ಲಿ ನರ್ಸು. ದಿನಾ ಬಸ್ಸಿನಲ್ಲಿ ಓಡಾಟ. ಅವಳೇ ಮನೆ ಹುಡುಕಲು ನಿಂತಳು. ಲಿಫ್ಟು ಇದ್ದರೆ ಸಾಕು, ಎಷ್ಟನೇ ಮಹಡಿಯಾದರೂ ಸರಿ. ಫೋನಿನಲ್ಲಿ ಅವಳ ಕನ್ನಡ ಕೇಳಿ ಓನರುಗಳು ಬನ್ರಿ ಮೇಡಂ, ನೋಡ್ರಿ ಮೇಡಂ ಎನ್ನುತ್ತಿದ್ದರು. ಹೆಸರೇನು ಎಂದಾಗ ರುಮಾನಾ ಎನ್ನುತ್ತಿದ್ದಳು. ಅಷ್ಟರೊಳಗೆ ಖಾಲಿ ಇದ್ದ ಮನೆ ತುಂಬಿಬಿಡುತ್ತಿತ್ತು. ಒಬ್ಬನಂತೂ, ಈಗ ತಾನೇ ಅಡ್ವಾನ್ಸ್ ಕೊಟ್ಟು ಹೋದರು, ನೀವು ಒಂದು ನಿಮಿಷ ಮೊದಲು ಮಾಡಬೇಕಿತ್ತು ಎಂದ. ಬೋರ್ಡು ಅವನ ಗೇಟಿನಲ್ಲಿ ಇವತ್ತಿಗೂ ನೇತಾಡುತ್ತಿದೆ.

ಹೀಗಿರುವಾಗ ಕಸ್ತೂರಮ್ಮನಿಂದ ಕರೆ ಬಂತು. ಮೊಮ್ಮಗಳು ಕೃತಿಕಾಳ ಮದುವೆ, ಗಾದಿ ಆಗಬೇಕು. ಬೀಗರು ಮಾಯಕೊಂಡದ ಹಳೇ ಮನೆತನದವರು, ಹೆಣ್ಣಿನ ಜೊತೆ ಹತ್ತಿ ಗಾದಿಯೇ ಬರಬೇಕು, ಫೋಮು ಗೀಮು ಹೊಸ್ತಿಲೊಳಗೆ ಬಿಡುವವರಲ್ಲ.

ಖತೀಜಾಬೀ ಅಳತೆಗೆ ಹೋದಳು. ಅಪಾರ್ಟ್‌ಮೆಂಟಿನ ಗೇಟಿಗೆ 'ಮನೆ ಬಾಡಿಗೆಗಿದೆ, ಸಸ್ಯಾಹಾರಿಗಳಿಗೆ ಮಾತ್ರ' ಎಂಬ ಬೋರ್ಡು ಇತ್ತು. ಮೂರನೇ ಮಹಡಿ, ಲಿಫ್ಟು ಇದೆ, ಎರಡು ಬೀದಿ ದಾಟಿದರೆ ಆಸ್ಪತ್ರೆ. ಅವಳು ಸಂಕೋಚವನ್ನೆಲ್ಲ ನುಂಗಿ ಕಸ್ತೂರಮ್ಮನ ಮುಂದೆ ಬಾಯಿಬಿಟ್ಟಳು. ಗಂಡನ ಉಸಿರಿನ ವಿಷಯ ಹೇಳಿದಳು. ಆ ಮನೆಯಲ್ಲಿ ಒಲೆ ಮೇಲೆ ಮಾಂಸ ಇಡುವುದಿಲ್ಲ, ಬಾಡಿಗೆ ಒಂದು ದಿನ ತಡ ಮಾಡುವುದಿಲ್ಲ ಎಂದಳು. ಕಸ್ತೂರಮ್ಮ ಅಯ್ಯೋ ಪಾಪ ಎಂದರು. ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು ಕೂಡ.

"ಆಗ್ಲಿ ಬಿಡವ್ವ ಖತೀಜಾ. ಮದ್ಲು ಮದಿವಿ ಕೆಲ್ಸ ಮುಗೀಲಿ. ಮನಿ ಎಲ್ಲಿ ಓಡಿಹೋಗ್ತೈತೆ?"

ಹೀಗೆಂದು ಒಳಗಿನಿಂದ ಎಲೆ ಅಡಿಕೆ ತಂದು ಅವಳ ಕೈಗೆ ಹಾಕಿದರು.

ಪಿಂಜಾರರ ಲೋಕದಲ್ಲಿ ಎಲೆ ಅಡಿಕೆ ಕೈಗೆ ಬಿತ್ತೆಂದರೆ ಮಾತು ಮುಗಿಯಿತು. ಹೆಣ್ಣು ಕೊಡುವುದಿರಲಿ, ಹೋರಿ ಕೊಳ್ಳುವುದಿರಲಿ, ಗಾದಿ ಹೊಲಿಯುವುದಿರಲಿ, ಮೇಲೆ ಕೋರ್ಟಿಲ್ಲ, ಕೆಳಗೆ ಕಚೇರಿಯಿಲ್ಲ. ಎಲೆ ಅಡಿಕೆ ಕೊಟ್ಟವನು ಮಾತಿಗೆ ತಪ್ಪಿದರೆ ಅವನ ಮನೆಯ ನೀರು ಕುಡಿಯುವುದಿಲ್ಲ. ಖತೀಜಾಬೀ ಆ ಎಲೆಯನ್ನು ಕಣ್ಣಿಗೊತ್ತಿಕೊಂಡಳು. ದೊಡ್ಡ ಮನೆಗಳಲ್ಲಿ ಎಲೆ ಅಡಿಕೆ ಬರೀ ಬಾಯಿ ಕೆಂಪಾಗುವುದಕ್ಕೆ ಇರುತ್ತದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಬಸ್ಸಿಳಿದವಳು ನೇರ ಜಾಫರನ ಹತ್ತಿರ ಹೋಗಿ, ಈ ತಿಂಗಳು ಕಳೆದರೆ ಮನೆ ಬಿಡುತ್ತೇವೆ ಎಂದಳು. ಜಾಫರ್ ಕಾಯುವ ಆಸಾಮಿಯಲ್ಲ. ಸಂಜೆಯೊಳಗೆ ಬೇರೆಯವರಿಗೆ ಮಾತು ಕೊಟ್ಟ. ಅವನಿಗೂ ಇವರು ಹೋದರೆ ಸಾಕಾಗಿತ್ತು. ಮನೆಯಲ್ಲಿ ಕನ್ನಡ ಆಡುತ್ತಾರೆ, ಹೊಸ ಮನೆಗೆ ಹೋದರೆ ಹಾಲು ಉಕ್ಕಿಸುತ್ತಾರೆ, ಇವರದೆಂಥ ಮುಸಲ್ಮಾನಿಕೆ ಎಂದು ಮಸೀದಿ ಕಟ್ಟೆಯಲ್ಲಿ ಕೂತು ನಗುವವನು ಅವನು. ಜಾಫರನ ಲೆಕ್ಕದಲ್ಲಿ ಖತೀಜಾಬೀ ಸಾಬರವಳಾಗಿದ್ದು ಸಾಲದು. ದಾವಣಗೆರೆಯ ಓನರುಗಳ ಲೆಕ್ಕದಲ್ಲಿ ಅದೇ ಹೆಚ್ಚಾಯಿತು. ಎರಡು ಕಡೆಯೂ ಬಾಗಿಲು ಹಾಕಲು ಇಷ್ಟು ಸಾಕಲ್ಲ!

ರುಮಾನಾ ಮಾತ್ರ ಕೇಳಿದಳು, ಅವರು ಬಾಯಿಬಿಟ್ಟು ಹೂಂ ಅಂದರಾ ಎಂದು. ಖತೀಜಾಬೀ ಸೆರಗಿನ ಗಂಟು ಬಿಚ್ಚಿ ಎಲೆ ಅಡಿಕೆ ತೋರಿಸಿದಳು. ಮಗಳು ಬೇರೆ ಓನರುಗಳಿಗೆ ಫೋನ್ ಮಾಡುವುದನ್ನು ಬಿಟ್ಟಳು.

ಕೆಲಸ ಶುರುವಾಯಿತು. ಮಳೆ ಹನಿಯುತ್ತಿದ್ದುದರಿಂದ ತಾರಸಿಯ ಮೇಲೆ ಹತ್ತಿ ಬಿಚ್ಚುವಂತಿರಲಿಲ್ಲ. ಖಾಲಿ ಇರುವ ಮೂರನೇ ಮಹಡಿಯ ಮನೆಯಲ್ಲೇ ಮಾಡಿಕೋ ಎಂದು ಕಸ್ತೂರಮ್ಮ ಕೀಲಿ ಕೊಟ್ಟರು. ಹೇಗಿದೆ ನೋಡಿ! ನಮ್ಮ ಮನೆಯನ್ನು ನಮಗೇ ಮೊದಲು ತೋರಿಸುತ್ತಿದ್ದಾರೆ ಎಂದು ಖತೀಜಾಬೀ ಒಳಗೊಳಗೇ ಹಿಗ್ಗಿದಳು. ಹತ್ತಿಯ ಮೂಟೆಗಳನ್ನು ಲಿಫ್ಟಿಗೆ ಇಡಹೋದಾಗ ಬಕ್ಕೇಶ ಬೇಡ ಎಂದ. ಲಿಫ್ಟಿನ ತುಂಬ ಹತ್ತಿ ಉದುರುತ್ತದೆ, ಓಡಾಡುವವರು ಬೈಯುತ್ತಾರೆ, ಮೆಟ್ಟಿಲ ಮೇಲೆ ಹೋಗು ಎಂದ. ಅವಳು ಮೂಟೆಗಳನ್ನು ಬೆನ್ನಿಗೆ ಹಾಕಿಕೊಂಡು ಹತ್ತಿದಳು. ಒಂದೊಂದು ಮೂಟೆಗೂ ಕತ್ತು ಒಳಗೆ ಹೋಗುತ್ತಿತ್ತು, ಮೊಣಕಾಲು ಕಟಕ್ಕೆನ್ನುತ್ತಿತ್ತು. ಮೂರನೇ ಮಹಡಿಯ ಬಾಗಿಲಲ್ಲಿ ಮೂಟೆ ಕೆಡವಿ, ಗೋಡೆ ಹಿಡಿದು ನಿಂತು, ಇದೊಂದು ಸಲ ಹತ್ತಿದರೆ ಮುಗಿಯಿತು, ಆಮೇಲೆ ಲಿಫ್ಟು ನಮ್ಮದೇ ಎಂದುಕೊಳ್ಳುತ್ತಿದ್ದಳು.

ನಡುಮನೆಯಲ್ಲಿ ಹತ್ತಿ ಹರಡಿ ಕೋಲಿನಿಂದ ಬಡಿದಳು. ಫ್ಯಾನ್ ಹಾಕುವಂತಿಲ್ಲ, ಕಿಟಕಿ ತೆರೆಯುವಂತಿಲ್ಲ, ಹತ್ತಿ ಹಾರುತ್ತದೆ. ಮೂಗಿಗೆ ಬಟ್ಟೆ ಕಟ್ಟಿಕೊಂಡರೂ ಗಂಟಲಲ್ಲಿ ಎಳೆ ಸಿಕ್ಕಿಕೊಂಡು ಕೆಮ್ಮು. ರೆಪ್ಪೆಯ ಮೇಲೆ ಹತ್ತಿ, ತಲೆಯಲ್ಲಿ ಹತ್ತಿ, ಬೆವರಿಗೆ ಅಂಟಿಕೊಂಡು ಕುತ್ತಿಗೆಯ ತುಂಬ ಹತ್ತಿ. ಕವಚಕ್ಕೆ ಹತ್ತಿ ತುಂಬಿ, ಮೊಣಕಾಲೂರಿ, ಮೊಳಕೈಯಿಂದ ಒತ್ತಿ ಒತ್ತಿ ಮೂಲೆ ಮೂಲೆಗೂ ತಲುಪಿಸಬೇಕು. ಆಮೇಲೆ ದಬ್ಬಣ. ಆ ಉದ್ದ ಸೂಜಿ ಮೇಲಿನಿಂದ ಚುಚ್ಚಿದರೆ ಗಾದಿಯ ಆ ಕಡೆ ಬರಬೇಕು. ಅಂಗೈಗೆ ಚರ್ಮದ ತುಂಡು ಕಟ್ಟಿಕೊಂಡರೂ ಒಂದೆರಡು ಸಲ ದಬ್ಬಣ ಜಾರಿ ಬೆರಳಿಗಿಳಿಯಿತು. ರಕ್ತವನ್ನು ಬಾಯಲ್ಲಿ ಚೀಪಿ ಮತ್ತೆ ಹೊಲಿದಳು.

ಮಧ್ಯಾಹ್ನ ಅದೇ ನಡುಮನೆಯಲ್ಲಿ ರೊಟ್ಟಿ ತಿಂದಳು. ಒಂದು ಮೂಲೆ ಗುಡಿಸಿ ನಮಾಜು ಮಾಡಿದಳು. ಇಲ್ಲಿ ಮಸ್ತಾನಸಾಬನ ಮಂಚ, ಕಿಟಕಿಯ ಹತ್ತಿರ ಇಟ್ಟರೆ ಗಾಳಿ. ಇಲ್ಲಿ ಅವನ ಮೆಷಿನ್ನು, ಸ್ವಿಚ್ ಪಕ್ಕದಲ್ಲೇ ಇದೆ. ಇಲ್ಲಿ ರುಮಾನಾಳ ಬೀರು. ಮನಸ್ಸಿನಲ್ಲೇ ಮನೆ ಹೂಡಿದಳು. ಸೋಮವಾರ ಕಸ್ತೂರಮ್ಮ ಚಾ ಲೋಟ ಹಿಡಿದು ಮೇಲೆ ಬಂದು, ಬಾಗಿಲಲ್ಲಿ ನಿಂತು ಕುಡಿಯುತ್ತ ಕೆಲಸ ನೋಡಿದರು. ಖತೀಜಾಬೀಗೂ ಚಾ ಬಂತು, ಪೇಪರ್ ಲೋಟದಲ್ಲಿ. ಬಿಸಾಕಿದರೆ ಆಯಿತು, ತೊಳೆಯುವ ತಾಪತ್ರಯವಿಲ್ಲ. ಆ ಲೋಟ ಯಾರ ಅನುಕೂಲಕ್ಕೆ ಎಂದು ಅವಳು ಅವತ್ತು ಕೇಳಿಕೊಳ್ಳಲಿಲ್ಲ. ಮನೆ ಸಿಗುವ ಖುಷಿಯಲ್ಲಿರುವವರು ಲೋಟ ನೋಡುವುದಿಲ್ಲ.

ಮದುವೆ ಗಾದಿಗೆ ಒಂದು ಮೂಲೆ ಬಿಡುವುದು ಪಿಂಜಾರರ ರೂಢಿ. ಮೂರು ಮೂಲೆ ಮುಗಿದ ಮೇಲೆ ಹೆಣ್ಣಿನ ಕಡೆಯ ಹಿರಿಯ ಮುತ್ತೈದೆ ಅರಿಸಿನ ಹಚ್ಚಿದ ಒಂದು ಹಿಡಿ ಹತ್ತಿಯನ್ನು ಆ ಮೂಲೆಯಿಂದ ಒಳಗಿಡಬೇಕು. ಆಮೇಲೆ ಪಿಂಜಾರರ ಹೆಣ್ಣು ಮೂಲೆ ಮುಚ್ಚಿ, ಇಬ್ಬರೂ ಒಂದೇ ದಿಂಬಿಗೆ ತಲೆ ಕೊಡ್ರಿ ಎಂದು ಹರಸಬೇಕು. ಅವಳಿಗೆ ಉಡಿ ತುಂಬುತ್ತಾರೆ. ಒಬ್ಬರು ಬಿಟ್ಟ ಮೂಲೆಯನ್ನು ಇನ್ನೊಬ್ಬರು ಮುಚ್ಚುವುದಿಲ್ಲ. ಮುಚ್ಚಿದರೆ ಗಂಡ ಹೆಂಡತಿ ಬೆನ್ನು ತಿರುಗಿಸಿ ಮಲಗುತ್ತಾರಂತೆ. ಪಿಂಜಾರರು ಇದನ್ನು ನಂಬುತ್ತಾರೋ ಬಿಡುತ್ತಾರೋ, ಗಾದಿ ಹೊಲಿಸುವ ದೊಡ್ಡ ಮನೆಯವರಂತೂ ಗಟ್ಟಿಯಾಗಿ ನಂಬುತ್ತಾರೆ.

ಮುಗಿಸುವ ದಿನ ಬೆಳಿಗ್ಗೆ ಕಸ್ತೂರಮ್ಮ ಬಂದು ಅರಿಸಿನದ ಹತ್ತಿ ಇಟ್ಟು ಹೋದರು. ಉಡಿಯ ಸಾಮಾನು ತರುತ್ತೇನೆ, ಅಷ್ಟರಲ್ಲಿ ಅಂಚು ನೋಡಿಕೋ ಎಂದರು. ಖತೀಜಾಬೀ ಗಾದಿಯ ಅಂಚಿಗೆ ಕಾಲು ಚಾಚಿ ಕೂತು ಹೊಲಿಯುತ್ತಿದ್ದಳು. ಆಗ ಲಿಫ್ಟಿನ ಸದ್ದಾಯಿತು. ಬಕ್ಕೇಶ ಒಬ್ಬ ಗಂಡಸನ್ನು ಕರೆದುಕೊಂಡು ಒಳಗೆ ಬಂದ. ಸಿದ್ದೇಶ್ ಅಂತೆ, ಬ್ಯಾಂಕಿನವನಂತೆ, ಈ ಊರಿಗೆ ವರ್ಗವಾಗಿ ಬಂದಿದ್ದನಂತೆ. ಇಬ್ಬರೂ ಅವಳ ಚಾಚಿದ ಕಾಲುಗಳನ್ನು ದಾಟಿಕೊಂಡು ಹೋದರು. ಸ್ವಲ್ಪ ಸರಿ ಎಂದೂ ಹೇಳಲಿಲ್ಲ. ನೆಲದ ಮೇಲೆ ಬಿದ್ದಿರುವ ಮೂಟೆಗೆ ಯಾರಾದರೂ ಸರಿ ಎನ್ನುತ್ತಾರೆಯೇ?

ಬಕ್ಕೇಶ ಅಡುಗೆಮನೆ ತೋರಿಸಿದ, ಬಚ್ಚಲು ತೋರಿಸಿದ, ಬಾಡಿಗೆ ಮನೆಯ ಲಾಭಗಳನ್ನು ವಿಡಿಯೋದಲ್ಲಿ ಹೇಳುವ ಹಾಗೇ ಒಂದೊಂದಾಗಿ ಒಪ್ಪಿಸಿದ. ನೀವು ಯಾವ ಪೈಕಿ ಎಂದು ನಗುತ್ತ ಕೇಳಿದ. ಸಿದ್ದೇಶನೂ ನಗುತ್ತ ಹೇಳಿದ. ಹಾಗಾದರೆ ನಮ್ಮವರೇ ಆಯಿತಲ್ಲ ಎಂದು ಇಬ್ಬರೂ ಕೈ ಕುಲುಕಿದರು. ಸಿದ್ದೇಶ ಮೂಗಿಗೆ ಕರವಸ್ತ್ರ ಹಿಡಿದುಕೊಂಡು, ಇವರು ಯಾರು, ಇಲ್ಲೇ ಇರುತ್ತಾರಾ ಎಂದು ಖತೀಜಾಬೀಯ ಕಡೆ ಗದ್ದ ಆಡಿಸಿದ.

"ಛೇ ಛೇ, ಗಾದಿ ಹೊಲಿಯೋರು ಸರ್. ಸಂಜಿಗೆ ಹೋಗ್ತಾರೆ. ಮನಿ ತೊಳ್ಸಿ, ಗೋಮೂತ್ರ ಹಾಕ್ಸಿ ಕೊಡ್ತೀವಿ. ಚಿಂತಿ ಬ್ಯಾಡ."

ಖತೀಜಾಬೀಯ ದಬ್ಬಣ ನಿಂತಿತು. ಬಕ್ಕೇಶನ ಮನೆಯ ಮೂರು ತಲೆಮಾರು ಮಲಗಿದ್ದು ಪಿಂಜಾರರ ಬೆವರು ಕುಡಿದ ಹತ್ತಿಯ ಮೇಲೆ. ಆ ಬೆವರಿಗೆ ಯಾರೂ ಗೋಮೂತ್ರ ಚಿಮುಕಿಸಿರಲಿಲ್ಲ. ಬೆವರು ಸಸ್ಯಾಹಾರಿ ಎಂದು ಕಾಣುತ್ತದೆ. ಅವಳ ಕಿವಿ ಬಿಸಿಯಾಯಿತು. ಆದರೂ ಗಂಡನ ನೀಲಿ ತುಟಿ ಕಣ್ಣ ಮುಂದೆ ಬಂತು. ತಡೆದುಕೊಂಡು, ಈ ಮನೆ ನಮಗೆ ಎಂದು ಮಾತಾಗಿದೆಯಲ್ಲ ಎಂದಳು. ಬಕ್ಕೇಶನಿಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದ ಮೇಲೆ ನಗು ಬಂತು. ಸಿದ್ದೇಶನ ಹೆಗಲು ಹಿಡಿದು, ಬರ್ರಿ ಸರ್, ಪಾರ್ಕಿಂಗ್ ನೋಡಣ ಎಂದು ಕರೆದುಕೊಂಡು ಹೋದ.

ಉಡಿಯ ತಟ್ಟೆ ಹಿಡಿದು ಕಸ್ತೂರಮ್ಮ ಬಂದರು. ಖತೀಜಾಬೀ ಎದ್ದು ನಿಂತು ನೇರ ಕೇಳಿದಳು.

"ನಂಗೇನು ಭೇದ ಇಲ್ಲವ್ವ," ಎಂದರು ಕಸ್ತೂರಮ್ಮ. "ನೀನು ನಮ್ಮನಿ ಮಗಳಿದ್ದಂಗೆ. ಆದ್ರೆ ಅಪಾರ್ಟ್‌ಮೆಂಟಿನೋರು ಒಪ್ಪಬೇಕಲ್ಲ. ಅಕ್ಕಪಕ್ಕದೋರನ್ನ ಕೇಳ್ಬೇಕು, ನಮ್ಮ ಯಜಮಾನ್ರನ್ನ ಕೇಳ್ಬೇಕು."

"ಎಲೆ ಅಡಿಕಿ ಕೊಟ್ರಲ್ರೀ ಅಕ್ಕಾರ."

"ಅಯ್ಯ, ಅದು ಗಾದಿಗೆ ಕೊಟ್ಟಿದ್ದಲ್ಲೇನೆ?"

ಮನೆ ಬಿಡುತ್ತೇನೆಂದು ಜಾಫರನಿಗೆ ಹೇಳಿಬಿಟ್ಟಿದ್ದೇನೆ, ತಿಂಗಳು ಕಳೆದರೆ ನಾವು ಬೀದಿಯಲ್ಲಿರುತ್ತೇವೆ ಎಂದು ಖತೀಜಾಬೀ ಹೇಳಿದಳು. ಕಸ್ತೂರಮ್ಮ ಮತ್ತೆ ಅಯ್ಯೋ ಪಾಪ ಎಂದರು. ಈ ಸಲ ಕಣ್ಣು ಒರೆಸಿಕೊಳ್ಳಲಿಲ್ಲ, ಕೈಯಲ್ಲಿ ತಟ್ಟೆ ಇತ್ತು. ನಿಮ್ಮ ಜನ ಇರುವ ಕಡೆ ಕೇಳಿದರೆ ಬೇಗ ಸಿಗುತ್ತದೆ ನೋಡು ಎಂದು ಬುದ್ಧಿ ಹೇಳಿದರು. ಹೊತ್ತಾಗುತ್ತದೆ, ಮೂಲೆ ಮುಚ್ಚು, ಉಡಿ ತುಂಬುತ್ತೇನೆ ಎಂದರು.

ಖತೀಜಾಬೀ ದಬ್ಬಣದಿಂದ ದಾರ ಎಳೆದಳು. ದಬ್ಬಣವನ್ನು ಬಟ್ಟೆಯಲ್ಲಿ ಸುತ್ತಿದಳು. ಅಂಗೈಯ ಚರ್ಮ ಬಿಚ್ಚಿದಳು. ಕೋಲು ಎತ್ತಿಕೊಂಡಳು.

"ಗಾದಿಗೆ ಅಂತ ಕೊಟ್ಟಿದ್ರಿ, ಗಾದಿ ಆಗೈತೆ. ಮೂಲಿಗೆ ಬ್ಯಾರೆ ಯಾರನ್ನಾರ ಕೇಳ್ರಿ."

ಕಸ್ತೂರಮ್ಮನಿಗೆ ಆ ಮಾತು ತಲೆಗಿಳಿಯಲು ಹೊತ್ತು ಹಿಡಿಯಿತು. ಇಳಿದ ಮೇಲೆ ಕೂಗಿದರು, ಬೇಡಿದರು, ಎಂಥ ಹೊತ್ತಿನಲ್ಲಿ ಅಪಶಕುನ ಮಾಡುತ್ತೀ ಎಂದು ಬೈದರು. ಖತೀಜಾಬೀ ತಿರುಗಿ ನೋಡಲಿಲ್ಲ. ಹೊರಗೆ ಬಂದು ಲಿಫ್ಟಿನ ಗುಂಡಿ ಒತ್ತಿದಳು. ತಲೆ ತುಂಬ, ಮೈ ತುಂಬ ಹತ್ತಿ ಮೆತ್ತಿಕೊಂಡೇ ಒಳಗೆ ಹೋದಳು. ಸೆರಗನ್ನು ಚೆನ್ನಾಗಿ ಕೊಡವಿದಳು. ಕೆಳಗಿಳಿಯುವಷ್ಟರಲ್ಲಿ ಲಿಫ್ಟಿನ ನೆಲ ಬೆಳ್ಳಗಾಗಿತ್ತು.

ಹರಿಹರದ ಬಸ್ಸಿನಲ್ಲಿ ಸಿಟ್ಟು ಇಳಿದು ಭಯ ಹತ್ತಿತು. ಕೂಲಿ ಹೋಯಿತು, ಹೋಗಲಿ. ಮನೆ? ಮಸ್ತಾನಸಾಬನನ್ನು ಎಲ್ಲಿಡುವುದು? ರುಮಾನಾ ಅಮ್ಮನನ್ನು ಬೈಯಲಿಲ್ಲ. ಅದೇ ಖತೀಜಾಬೀಗೆ ಹೆಚ್ಚು ಸಂಕಟವಾಯಿತು. ಜಾಫರನ ಹತ್ತಿರ ಹೋಗಿ, ಇನ್ನು ಸ್ವಲ್ಪ ದಿನ ಇರಲು ಬಿಡು ಎಂದು ಕೈಮುಗಿದಳು. ನನ್ನ ಮಾತಿಗೂ ಬೆಲೆ ಬೇಡವಾ ಖಾಲಾ ಎಂದು ಅವನು ಹಲ್ಲು ಕಿರಿದ. ಊರಿನಲ್ಲಿ ಎಲ್ಲರ ಮಾತಿಗೂ ಬೆಲೆ ಇತ್ತು, ಇವಳಿಗೆ ಕೊಟ್ಟ ಮಾತನ್ನು ಬಿಟ್ಟು.

ಅತ್ತ ದಾವಣಗೆರೆಯಲ್ಲಿ ಬಕ್ಕೇಶ ಊರೆಲ್ಲ ಸುತ್ತಿದ. ಗಾದಿ ಹೊಲಿಯುವವರೆಲ್ಲ, ಮೂಲೆ ಬಿಟ್ಟವರು ಯಾರು ಎಂದು ಮೊದಲು ಕೇಳಿದರು. ಖತೀಜಾಬೀ ಎಂದ ಕೂಡಲೇ, ಅವಳನ್ನೇ ಕರೆಸಿ ಎಂದರು. ಹೊಸ ಗಾದಿ ಮಾಡಿಸೋಣವೆಂದರೆ ಕಸ್ತೂರಮ್ಮ ಒಪ್ಪಲಿಲ್ಲ. ಅರಿಸಿನದ ಹತ್ತಿ ಒಳಗೆ ಹೋಗಿಯಾಗಿದೆ, ಅದನ್ನು ಬಿಟ್ಟು ಇನ್ನೊಂದು ಮಾಡಿದರೆ ಹುಡುಗಿಗೆ ಎರಡನೇ ಮದುವೆಯ ಗಾದಿ ಮಾಡಿದಂತೆ ಎಂದು ಎದೆ ಬಡಿದುಕೊಂಡರು. ಉಜ್ಜನಪ್ಪ ಪೇಪರಿನಿಂದ ತಲೆಯೆತ್ತಿ, ಹೋಗಿ ಕರೆದುಕೊಂಡು ಬರ್ರಿ ಎಂದರು. ಆ ಮನುಷ್ಯ ಈ ಇಡೀ ಪ್ರಕರಣದಲ್ಲಿ ಆಡಿದ್ದು ಅದೊಂದೇ ಮಾತು.

ಹೀಗೆ ಮುಂದಿನ ಸೋಮವಾರ ಮದುವೆ ಗಾದಿ ಗೂಡ್ಸ್ ಆಟೋ ಹತ್ತಿ ಹರಿಹರಕ್ಕೆ ಬಂತು. ಹಿಂದೆ ಕಾರಿನಲ್ಲಿ ಅವ್ವ, ಮಗ.

ಕಸ್ತೂರಮ್ಮ ಜಾಫರನ ಮೆಟ್ಟಿಲು ಹತ್ತಿದರು. ಅರ್ಧಕ್ಕೆ ನಿಂತರು. ಗೋಡೆ ಹಿಡಿದರು, ಏದುಸಿರು ಬಿಟ್ಟರು, ಎಂಥ ಮೆಟ್ಟಿಲವ್ವ ಇವು, ಮನುಷ್ಯರು ಹತ್ತೋ ಮೆಟ್ಟಿಲಾ ಎಂದರು. ಮೇಲೆ ನಿಂತು ನೋಡುತ್ತಿದ್ದ ಖತೀಜಾಬೀ, ಹತ್ತುತ್ತೇವೆ ಅಕ್ಕಾರ ಎಂದಳು. ಮಸ್ತಾನಸಾಬನನ್ನು ಇಳಿಸಿದ ಅದೇ ಪ್ಲಾಸ್ಟಿಕ್ ಕುರ್ಚಿಯನ್ನು ಬಾಗಿಲ ಹೊರಗೆ ಹಾಕಿ ಕೂಡಿಸಿದಳು. ಒಳಗೆ ಅವನು ಮೂಗಿಗೆ ಆವಿಯ ಮೆಷಿನ್ನು ಹಾಕಿಕೊಂಡು ಕೂತಿದ್ದ. ಮೆಷಿನ್ನಿನ ಸದ್ದಿಗೆ ಹೊರಗಿನ ಮಾತು ಕೇಳುವಂತಿರಲಿಲ್ಲ.

ಬಕ್ಕೇಶ ಮಾತು ಶುರು ಮಾಡಿದ. ಆ ಸಿದ್ದೇಶ್ ಬೇರೆ ಮನೆ ನೋಡಿಕೊಂಡ, ನಮ್ಮದು ಖಾಲಿಯೇ ಇದೆ, ನಿಮಗೇ ಕೊಡುತ್ತೇವೆ ಎಂದ. ಆಮೇಲೆ ಬೆರಳು ಮಡಚತೊಡಗಿದ.

"ಹನ್ನೊಂದು ತಿಂಗಳಿಗೆ ಬರ್ಕೊಡ್ತೀವಿ. ಮಾಂಸ ಮೀನು ಬ್ಯಾಡ. ಬಾಗಿಲಿಗೆ ಹೆಸರಿನ ಬೋರ್ಡ್ ಬ್ಯಾಡ. ನೆಂಟ್ರು ಗುಂಪು ಕಟ್ಕೊಂಡು ಬರೋದು ಬ್ಯಾಡ. ಹಬ್ಬ ಇದ್ರೆ ಹರಿಹರಕ್ಕೆ ಬಂದು ಮಾಡ್ಕೊಳ್ರಿ. ಯಾರಾರ ಕೇಳಿದ್ರೆ ಆಸ್ಪತ್ರಿ ಸಿಸ್ಟರ್ ಮನಿ ಅನ್ರಿ, ಹೆಸ್ರು ಗಿಸ್ರು ಬ್ಯಾಡ."

ನೋಡಿ, ವಿಡಿಯೋದಲ್ಲಿ ಮೊಳೆ ಹೊಡೆಯುವುದೊಂದೇ ನಷ್ಟ ಎಂದಿದ್ದ ಮಹಾರಾಯ! ಆದರೂ ಖತೀಜಾಬೀ ಅದನ್ನೆಲ್ಲ ನುಂಗಲು ತಯಾರಿದ್ದಳು. ಮುಚ್ಚಿಡುವುದೇಕೆ? ಗಂಡನ ಉಸಿರಿನ ಮುಂದೆ ಹೆಸರಿನ ಬೋರ್ಡು ಯಾವ ಲೆಕ್ಕ? ಮಾಂಸ ತಿನ್ನದಿದ್ದರೆ ಸಾಯುತ್ತಾರಾ? ಲಿಫ್ಟು ಇದೆ, ಆಸ್ಪತ್ರೆ ಎರಡು ಬೀದಿ. ಹೂಂ ಎನ್ನುವ ಮಾತು ಅವಳ ತುಟಿಯವರೆಗೆ ಬಂದಿತ್ತು. ದಬ್ಬಣ ಎಲ್ಲಿದೆ ಎಂದು ಕಣ್ಣು ಹುಡುಕಿಯೂ ಆಗಿತ್ತು.

ಮನೆಗೆ ಬಂದವರಿಗೆ ಮೊದಲು ಚಾ ಕೊಡಬೇಕು, ಮಾತು ಆಮೇಲೆ. ಒಳಗೆ ಹೋಗಿ ಚಾ ಕಾಸಿದಳು. ಸಕ್ಕರೆ ಒಂದು ಚಮಚ ಹೆಚ್ಚೇ ಹಾಕಿದಳು. ಮನೆಯಲ್ಲಿದ್ದ ಒಳ್ಳೆಯ ಸ್ಟೀಲ್ ಲೋಟ ತೊಳೆದು, ಸೆರಗಿನಿಂದ ಒರೆಸಿ, ಎರಡೂ ಕೈಯಲ್ಲಿ ಹಿಡಿದು ಕಸ್ತೂರಮ್ಮನಿಗೆ ಕೊಟ್ಟಳು.

ಕಸ್ತೂರಮ್ಮ ಲೋಟ ನೋಡಿದರು. ಮಗನ ಮುಖ ನೋಡಿದರು. ಲೋಟವನ್ನು ತೆಗೆದುಕೊಂಡು ಕುರ್ಚಿಯ ಪಕ್ಕ ನೆಲದ ಮೇಲಿಟ್ಟರು.

"ಇವತ್ತು ಸ್ವಾಮಾರ ಕಣವ್ವ. ಒಪ್ಪತ್ತು ನಂದು. ಏನೂ ಮುಟ್ಟಂಗಿಲ್ಲ."

ಹೋದ ಸೋಮವಾರ ಮೂರನೇ ಮಹಡಿಯ ಬಾಗಿಲಲ್ಲಿ ನಿಂತು ಕುಡಿದ ಚಾ ಖತೀಜಾಬೀಗೆ ಕಂಡಿತು. ಪೇಪರ್ ಲೋಟವೂ ಕಂಡಿತು. ಆ ಮನೆಯಲ್ಲಿ ಬಾಡಿಗೆಗಿದ್ದರೆ ದಿನಾ ಬೆಳಗಾದರೆ ಇದೇ ಮುಖ, ಲಿಫ್ಟಿನಲ್ಲಿ ಇದೇ ಮುಖ, ನಲ್ಲಿಯ ಹತ್ತಿರ ಇದೇ ಮುಖ. ಮಸ್ತಾನಸಾಬ್ ಸತ್ತರೆ ಹೆಣ ಲಿಫ್ಟಿನಲ್ಲಿ ಇಳಿಸಬೇಡಿ ಎನ್ನುವವರು ಇವರು. ತುಟಿಗೆ ಬಂದ ಹೂಂ ಹಿಂದಕ್ಕೆ ಹೋಯಿತು.

"ಆಗ್ಲಿ ಅಕ್ಕಾರ," ಎಂದಳು. ದನಿ ತಣ್ಣಗಿತ್ತು. "ನಂಗೇನು ಭೇದ ಇಲ್ರಿ. ನೀವು ನಮ್ಮನಿ ಹಿರೇರು ಇದ್ದಂಗೆ. ಆದ್ರೆ ಮೂಲಿ ಮುಚ್ಚಬೇಕಂದ್ರೆ ಓಣಿಯೋರು ಒಪ್ಪಬೇಕು. ಅಕ್ಕಪಕ್ಕದೋರನ್ನ ಕೇಳ್ಬೇಕು. ನಮ್ಮ ಯಜಮಾನ್ರನ್ನ ಕೇಳ್ಬೇಕು. ಕೇಳಿ ಹೇಳ್ತೀನಿ, ಹೋಗ್ಬರ್ರಿ."

ಬಕ್ಕೇಶನ ಮುಖ ಕಪ್ಪಿಟ್ಟಿತು. ನಿಮ್ಮ ಜನಕ್ಕೆ ಉಪಕಾರ ಮಾಡಬಾರದು ಎಂದ. ಇಷ್ಟು ಹೊತ್ತು ಮಡಚಿದ ಬೆರಳುಗಳೆಲ್ಲ ಬಿಚ್ಚಿಕೊಂಡು ಅವಳತ್ತ ಚಾಚಿದವು. ಕಸ್ತೂರಮ್ಮ ಮೊಮ್ಮಗಳ ಹೆಸರು ಹಿಡಿದು ಅತ್ತರು. ಕೃತಿಕಾಳ ಮೇಲೆ ಖತೀಜಾಬೀಗೆ ಸಿಟ್ಟಿರಲಿಲ್ಲ. ತೊಟ್ಟಿಲ ಹಾಸು ಹೊಲಿದ ಕೂಸು ಅದು, ಸುಖವಾಗಿರಲಿ. ಅದನ್ನು ಬಾಯಿಬಿಟ್ಟೇ ಹೇಳಿದಳು. ಮೂಲೆಯ ಮಾತು ಮಾತ್ರ ಆಡಲಿಲ್ಲ.

ಗಾದಿ ಬಂದ ದಾರಿಯಲ್ಲೇ ತಿರುಗಿತು. ಬಿಟ್ಟ ಮೂಲೆಯಿಂದ ಹತ್ತಿ ಎಳೆಎಳೆಯಾಗಿ ಹೊರಬಿದ್ದು ಓಣಿಯುದ್ದಕ್ಕೂ ಹಾರಿತು. ಜಾಫರ್ ಬಾಗಿಲಲ್ಲಿ ನಿಂತು, ಏನು ಖಾಲಾ ಇದೆಲ್ಲ ಎಂದು ಬಟ್ಟೆಯ ಮೇಲಿನ ಹತ್ತಿ ಕೊಡವಿಕೊಂಡ. ಅವಳು ಮನೆಯ ಕಡೆ ತಿರುಗಿದಳು.

ಒಳಗೆ ಮೆಷಿನ್ನು ನಿಂತಿತ್ತು. ಯಾರು ಬಂದಿದ್ದರು ಎಂದು ಮಸ್ತಾನಸಾಬ್ ಕೇಳಿದ. ಚಾದ ವಿಷಯವೊಂದನ್ನು ಬಿಟ್ಟು ಅವಳು ಎಲ್ಲ ಹೇಳಿದಳು. ಮಾತಾಡಲು ಅವನು ಮೊದಲು ಉಸಿರು ಕೂಡಿಸಿಕೊಂಡ.

"ಲಿಫ್ಟ್ ಇತ್ತಲ್ಲೇ," ಎಂದ.

"ಇತ್ತು."

"ನಮ್ಮಪ್ಪನ ಕಾಲದಿಂದ ಮಾಡ್ತಿದ್ವಿ. ಇವತ್ತೇ ಮದ್ಲು ಅವರು ನಮ್ಮ ಬಾಗಿಲಿಗೆ ಬಂದಿದ್ದು. ಚಾ ಆದ್ರೂ ಕೊಡಬೇಕಿತ್ತು."

ಖತೀಜಾಬೀ ಹೊರಗೆ ಹೋಗಿ ಕುರ್ಚಿಯ ಪಕ್ಕದ ಲೋಟ ತಂದು ಅವನ ಮುಂದೆ ಹಿಡಿದಳು. ಲೋಟ ಕಂಠಮಟ್ಟ ಇತ್ತು. ಮೇಲೆ ಕೆನೆ ಕಟ್ಟಿತ್ತು. ಮಸ್ತಾನಸಾಬ್ ಅದನ್ನು ನೋಡಿದ. ಹೆಂಡತಿಯ ಮುಖ ನೋಡಿದ. ಮತ್ತೆ ಉಸಿರು ಕೂಡಿಸಿಕೊಂಡ.

"ಆ ಮನಿ ಬ್ಯಾಡ ಬಿಡು," ಎಂದ. "ಹೊತ್ಕೊಂಡೇ ಇಳ್ಸು ನನ್ನ."

ಅವಳು ಆ ಚಾ ಬಿಸಿ ಮಾಡಿ ಎರಡು ಲೋಟಕ್ಕೆ ಹಾಕಿದಳು. ಇಬ್ಬರೂ ಕುಡಿದರು. ಆಮೇಲೆ ಚಪ್ಪಲಿ ಮೆಟ್ಟಿಕೊಂಡು, ಗೋಡೆ ಹಿಡಿದು, ಮನೆ ಹುಡುಕಲು ಮೆಟ್ಟಿಲಿಳಿದಳು.